ಅಸಿಂಕ್ ಮಾಡಿದ ಮಾತ್ರಕ್ಕೆ ಡೇಟಾಬೇಸ್ ವೇಗವಾಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಅಸಿಂಕ್ ಪ್ರೋಗ್ರಾಮಿಂಗ್ (ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಬೇರೆ ಕೆಲಸ ಮಾಡಿಕೊಳ್ಳುವ ಹಾಗೆ ಕೋಡು ಬರೆಯುವುದು) ಮತ್ತು ಡೇಟಾಬೇಸ್ ಬಗೆಗಿನ ಲೇಖನ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಹಾಕಿದ್ದಕ್ಕೆ ಮೊದಲು ಮನಸಾರೆ ಥ್ಯಾಂಕ್ಸ್. ಆದರೆ ಲೇಖನದಲ್ಲಿ ಒಂದು ಮಾತು ತಪ್ಪಾಗಿದೆ, ಅದೂ ಇಡೀ ಲೇಖನ ನಿಂತಿರುವ ಮಾತೇ. ಕೋಡನ್ನು ಅಸಿಂಕ್‌ಗೆ ಬದಲಾಯಿಸಿಕೊಂಡರೆ ಡೇಟಾಬೇಸ್ ವೇಗವಾಗುತ್ತದೆ ಅಂತ ಬರೆದಿದ್ದಾರೆ. ಆಗುವುದಿಲ್ಲ. ನೀವು ಅಸಿಂಕ್ ಆಗಿ ಕೇಳಿದಿರೋ, ಸಾದಾ ರೀತಿಯಲ್ಲಿ ಕೇಳಿದಿರೋ ಅನ್ನುವುದು ಡೇಟಾಬೇಸ್‌ಗೆ ಗೊತ್ತೇ ಆಗುವುದಿಲ್ಲ. 5 ಮಿಲಿಸೆಕೆಂಡಿನ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) 5 ಮಿಲಿಸೆಕೆಂಡೇ ತಗೊಳ್ಳುತ್ತದೆ.

ನಾನು ಬಹಳ ವರ್ಷಗಳಿಂದ ಇದೇ ಬೆಂಗಳೂರಿನಲ್ಲಿ ಬ್ಯಾಕೆಂಡ್ (ಸರ್ವರ್ ಕಡೆಯ ಕೋಡಿನ) ಕೆಲಸ ಮಾಡುತ್ತಿದ್ದೇನೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟು ತಂಡಗಳು ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೂತಿವೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಅಸಿಂಕ್‌ನಿಂದ ನಿಜವಾಗಿ ಏನು ಸಿಗುತ್ತದೆ ಅಂತ ನೋಡೋಣ. ಪ್ರೋಗ್ರಾಂ ಒಂದು ಕ್ವೆರಿ ಕಳಿಸುತ್ತದೆ, ಅದು ನೆಟ್‌ವರ್ಕ್ ಮೇಲೆ ಡೇಟಾಬೇಸ್ ಸರ್ವರ್ ತಲುಪುತ್ತದೆ, ಅಲ್ಲಿ ಕೆಲಸ ನಡೆದು ಸಾಲುಗಳು ವಾಪಸ್ ಬರುತ್ತವೆ. ಸಾದಾ ರೀತಿಯಲ್ಲಿ (ಇದನ್ನೇ ಸಿಂಕ್ ಅನ್ನುತ್ತಾರೆ) ಉತ್ತರ ಬರುವ ತನಕ ಕೇಳಿದ ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ಕೆಲಸ ನಡೆಸುವ ಒಂದು ಎಳೆ, ಸುಮ್ನೆ ಕೂತಿರುತ್ತದೆ. ಹತ್ತು ಥ್ರೆಡ್ ಕೂತರೆ ತೊಂದರೆ ಇಲ್ಲ. ಹತ್ತು ಸಾವಿರ ಕೂತರೆ ತೊಂದರೆ ಇದೆ, ಯಾಕೆಂದರೆ ಲಿನಕ್ಸ್‌ನಲ್ಲಿ ಒಂದೊಂದು ಥ್ರೆಡ್‌ನ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ವಿಳಾಸದ ಜಾಗ ಎತ್ತಿಡಲಾಗುತ್ತದೆ (ಅಷ್ಟೂ ಮೆಮೊರಿ ಕೂಡಲೇ ಖರ್ಚಾಗುವುದಿಲ್ಲ, ನಿಜ), ಮೇಲಿಂದ ಅಷ್ಟೊಂದು ಥ್ರೆಡ್‌ಗಳ ನಡುವೆ ಅದಲು ಬದಲು ಮಾಡುವುದರಲ್ಲೇ ಸಿಪಿಯು ಸುಸ್ತಾಗುತ್ತದೆ. ಒಂದೇ ಮೆಷಿನ್ನಿನಲ್ಲಿ ಹತ್ತು ಸಾವಿರ ಜನರನ್ನು ಒಟ್ಟಿಗೆ ಸಂಭಾಳಿಸುವುದು ಹೇಗೆ ಅನ್ನುವ ಈ ಪ್ರಶ್ನೆಗೆ 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಪ್ರೋಗ್ರಾಮರ್ ಸಿ10ಕೆ ಅಂತ ಹೆಸರಿಟ್ಟರು. ಅದಕ್ಕೆ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಒಂದು ಇವೆಂಟ್ ಲೂಪ್. ಒಂದೇ ಥ್ರೆಡ್, ಸಾವಿರಾರು ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್). ಯಾರಿಗೆ ಉತ್ತರ ಬಂತೋ ಅವರ ಕೆಲಸ ಮುಂದುವರಿಸುವುದು, ಬರದಿದ್ದವರನ್ನು ಪಕ್ಕಕ್ಕಿಡುವುದು. 2009ರಲ್ಲಿ ಬಂದ ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಇದನ್ನೇ ಮನೆಮಾತು ಮಾಡಿತು. ಅಸಿಂಕ್-ಅವೇಟ್ ಅನ್ನುವ ಬರವಣಿಗೆ (ಅವೇಟ್ ಅಂದರೆ ಉತ್ತರ ಬರುವ ತನಕ ಈ ಕೆಲಸವನ್ನು ಪಕ್ಕಕ್ಕಿಡು ಅಂತ) 2012ರಲ್ಲಿ ಸಿ ಶಾರ್ಪ್ ಭಾಷೆಗೆ ಬಂತು, 2015ರಲ್ಲಿ ಪೈಥಾನ್ 3.5ಕ್ಕೆ, 2019ರಲ್ಲಿ ರಸ್ಟ್‌ಗೆ. ಇಷ್ಟರಲ್ಲೂ ಉಳಿತಾಯವಾಗುವುದು ನಮ್ಮ ಕಡೆಯ ಕಾಯುವ ಖರ್ಚು ಮಾತ್ರ.

ಈಗ ಡೇಟಾಬೇಸ್ ಇರುವ ತುದಿಗೆ ಬನ್ನಿ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಪ್ರತಿ ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ (ಓಡುವ ಪ್ರೋಗ್ರಾಂ) ಶುರು ಮಾಡುತ್ತದೆ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಪ್ರತಿ ಕನೆಕ್ಷನ್‌ಗೆ ಒಂದು ಥ್ರೆಡ್. ಸೆಟ್ಟಿಂಗ್ ಮುಟ್ಟದೆ ಹಾಗೇ ಬಿಟ್ಟರೆ ಪೋಸ್ಟ್‌ಗ್ರೆಸ್ 100 ಕನೆಕ್ಷನ್ ಒಪ್ಪಿಕೊಳ್ಳುತ್ತದೆ, ಮೈಎಸ್‌ಕ್ಯೂಎಲ್ 151. ಒಂದು ಕನೆಕ್ಷನ್ ಮೇಲೆ ಒಂದು ಹೊತ್ತಿಗೆ ಒಂದೇ ಕ್ವೆರಿ ನಡೆಯುತ್ತದೆ. ಅಂದರೆ ಆ ತುದಿಯಲ್ಲಿ ಏನೂ ಬದಲಾಗಿಲ್ಲ. ಭಾನುವಾರ ಬೆಳಗ್ಗೆ ಬಸವನಗುಡಿಯ ದರ್ಶಿನಿಗೆ ಹೋಗಿ ನೋಡಿ, ಕ್ಯಾಶ್ ಕೌಂಟರಿನಲ್ಲಿ ಕೂತವರು ಎಷ್ಟೇ ಚುರುಕಾಗಿ ಟೋಕನ್ ಹರಿದು ಕೊಟ್ಟರೂ ಕಾವಲಿ ಮೇಲೆ ಒಂದು ಸಲಕ್ಕೆ ಹಿಡಿಯುವ ದೋಸೆ ಇಷ್ಟೇ ಅಂತ ಇರುತ್ತದಲ್ವಾ. ಟೋಕನ್ ಜಾಸ್ತಿ ಕೊಟ್ಟಷ್ಟೂ ಕಾವಲಿ ಮುಂದೆ ನಿಲ್ಲುವವರು ಜಾಸ್ತಿಯಾಗುತ್ತಾರೆ. ಅಸಿಂಕ್ ಚುರುಕು ಮಾಡುವುದು ಟೋಕನ್ ಕೌಂಟರನ್ನು.

ಹಾಗಾಗಿ ಲೆಕ್ಕ ಹಾಕಬೇಕಾದದ್ದು ಕನೆಕ್ಷನ್ ಪೂಲಿನದ್ದು, ಅಂದರೆ ಮೊದಲೇ ತೆರೆದಿಟ್ಟು ಸರದಿಯಲ್ಲಿ ಹಂಚಿಕೊಳ್ಳುವ ಕನೆಕ್ಷನ್‌ಗಳ ಗುಂಪಿನದ್ದು. ಲೆಕ್ಕ ಕಷ್ಟದ್ದೇನಲ್ಲ. ಪೂಲಿನಲ್ಲಿ 20 ಕನೆಕ್ಷನ್ ಇವೆ, ಒಂದೊಂದು ರಿಕ್ವೆಸ್ಟ್ ಕನೆಕ್ಷನ್ನನ್ನು 5 ಮಿಲಿಸೆಕೆಂಡ್ ಹಿಡಿದುಕೊಳ್ಳುತ್ತದೆ ಅಂದುಕೊಳ್ಳಿ. ಆಗ ಸೆಕೆಂಡಿಗೆ ಹೆಚ್ಚೆಂದರೆ 4000 ರಿಕ್ವೆಸ್ಟ್ ದಾಟಬಹುದು. ಅದೇ 20 ಕನೆಕ್ಷನ್, ಕ್ವೆರಿ ಮುಗಿದ ಮೇಲೂ ಬಿಡದೆ ಒಂದೊಂದನ್ನು 2 ಸೆಕೆಂಡ್ ಹಿಡಿದುಕೊಂಡರೆ? ಸೆಕೆಂಡಿಗೆ 10. ನಾಲ್ಕು ಸಾವಿರದಿಂದ ಹತ್ತಕ್ಕೆ! ಕ್ವೆರಿ ಅದೇ, ಡೇಟಾಬೇಸ್ ಅದೇ, ಮೆಷಿನ್ ಅದೇ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಂದುಕೊಳ್ಳಬೇಡಿ. ಗೌರಿ ಗಣೇಶ ಹಬ್ಬಕ್ಕೆ ಮುಂಚೆ ಅರ್ಧ ಬೆಂಗಳೂರು ಊರಿಗೆ ಹೊರಟಿರುತ್ತದೆ, ಎಲ್ಲರೂ ಒಂದೇ ಸಂಜೆ ಬಸ್ ಟಿಕೆಟ್‌ಗೆ ಕೂರುತ್ತಾರೆ. ಒಂದು ಬುಕಿಂಗ್ ಸೇವೆಯ ಕೋಡು ಹೀಗಿತ್ತು: ಟ್ರಾನ್ಸಾಕ್ಷನ್ (ಎಲ್ಲಾ ಆಗಬೇಕು, ಇಲ್ಲವೇ ಒಂದೂ ಆಗಬಾರದು ಅನ್ನುವ ಕೆಲಸಗಳ ಗಂಟು) ಶುರು ಮಾಡು, ಸೀಟಿನ ಸಾಲನ್ನು ಬೇರೆಯವರು ಬದಲಿಸದ ಹಾಗೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಅಂತ ಲಾಕ್ ಮಾಡು, ಪೇಮೆಂಟ್ ಗೇಟ್‌ವೇಗೆ ಅವೇಟ್ ಹಾಕಿ ಕಾಯಿ, ದುಡ್ಡು ಬಂದ ಮೇಲೆ ಸೀಟು ಬರೆದು ಕಮಿಟ್ (ಖಾಯಂ) ಮಾಡು. ಓದಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಆದರೆ ಆ ಅವೇಟ್ ನಡೆಯುವಷ್ಟು ಹೊತ್ತೂ ಕನೆಕ್ಷನ್ ಕೈಯಲ್ಲೇ ಇರುತ್ತದೆ, ಸೀಟಿನ ಲಾಕ್ ಕೂಡ ಹಾಗೇ ಇರುತ್ತದೆ, ಡೇಟಾಬೇಸ್ ಮಾತ್ರ ಏನೂ ಕೆಲಸ ಮಾಡುತ್ತಿರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ (ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪಟ್ಟಿ) ತೆಗೆದು ನೋಡಿದರೆ ಸಾಲುಸಾಲಾಗಿ ಐಡಲ್ ಇನ್ ಟ್ರಾನ್ಸಾಕ್ಷನ್, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತಿದೆ, ಅಂತ ಕಾಣುತ್ತದೆ. ಡೇಟಾಬೇಸ್ ಸರ್ವರಿನ ಸಿಪಿಯು ಮೂರೋ ನಾಲ್ಕೋ ಪರ್ಸೆಂಟಲ್ಲಿ ಆರಾಮಾಗಿದೆ, ಜನರ ಮೊಬೈಲಿನಲ್ಲಿ ಚಕ್ರ ಸುತ್ತುತ್ತಲೇ ಇದೆ. ಸಿಂಕ್ ಕೋಡಿನಲ್ಲಿ ಇಂಥದ್ದು ಬರೆದರೆ ಥ್ರೆಡ್ ಮುಗಿದು ಬೇಗ ಸಿಕ್ಕಿಬೀಳುತ್ತೀರಿ. ಅಸಿಂಕ್‌ನಲ್ಲಿ ಸಾವಿರಾರು ಟಾಸ್ಕುಗಳು ಪೂಲಿನ ಮುಂದೆ ಸದ್ದಿಲ್ಲದೆ ಸಾಲು ನಿಲ್ಲುತ್ತವೆ, ತೊಂದರೆ ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಪರಿಹಾರ ಸರಳ. ಟ್ರಾನ್ಸಾಕ್ಷನ್ ಎರಡು ಮಾಡಿ, ಎರಡೂ ಚಿಕ್ಕವು. ಮೊದಲನೆಯದರಲ್ಲಿ ಸೀಟಿನ ಮೇಲೆ ಹಿಡಿದಿಟ್ಟಿದೆ ಅನ್ನುವ ಗುರುತು ಮತ್ತು ಎಷ್ಟು ಗಂಟೆಯವರೆಗೆ ಅನ್ನುವುದನ್ನು ಬರೆದು ಕಮಿಟ್ ಮಾಡಿ, ಕನೆಕ್ಷನ್ನನ್ನು ಪೂಲಿಗೆ ವಾಪಸ್ ಕೊಡಿ. ಆಮೇಲೆ ಪೇಮೆಂಟ್‌ಗೆ ಎಷ್ಟು ಹೊತ್ತು ಬೇಕಾದರೂ ಕಾಯಿರಿ, ಅಲ್ಲಿ ಅಸಿಂಕ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ದುಡ್ಡು ಬಂದ ಮೇಲೆ ಇನ್ನೊಂದು ಕನೆಕ್ಷನ್ ತಗೊಂಡು, ಗುರುತು ಇನ್ನೂ ನಮ್ಮ ಹೆಸರಲ್ಲೇ ಇದೆಯಾ ಅಂತ ನೋಡಿ, ಸೀಟು ಖಾತ್ರಿ ಮಾಡಿ. ಅವಧಿ ಮೀರಿ ಸೀಟು ಬೇರೆಯವರಿಗೆ ಹೋಗಿದ್ದರೆ ದುಡ್ಡು ವಾಪಸ್ ಕೊಡುವ ದಾರಿಯನ್ನೂ ಬರೆಯಬೇಕು, ಅದನ್ನು ಬಿಡುವ ಹಾಗಿಲ್ಲ. ಜೊತೆಗೆ 2016ರಲ್ಲಿ ಬಂದ ಪೋಸ್ಟ್‌ಗ್ರೆಸ್ 9.6ರಿಂದ, ಹೀಗೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತ ಕನೆಕ್ಷನ್ನನ್ನು ತಾನಾಗೇ ಕತ್ತರಿಸುವ ಟೈಮ್‌ಔಟ್ ಇದೆ. ಅದನ್ನು ಹಾಕಿಟ್ಟುಕೊಳ್ಳಿ.

ಬಹಳ ಕಡೆ ಮಾಡುವುದು ಬೇರೆ. ಪೂಲ್ ಖಾಲಿಯಾಯಿತು ಅನ್ನುವ ಎರರ್ ಬಂದ ಕೂಡಲೇ ಪೂಲ್ ದೊಡ್ಡದು ಮಾಡುತ್ತಾರೆ. ಪೈಥಾನಿನ ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಎಲ್ ಆಲ್ಕೆಮಿಯಲ್ಲಿ ಮಾಮೂಲಿ ಪೂಲ್ 5, ಅದರ ಮೇಲೆ ಇನ್ನೂ 10 ತನಕ ಹೋಗಬಹುದು, ಅದೂ ಮುಗಿದರೆ 30 ಸೆಕೆಂಡ್ ಕಾದು ಎರರ್ ಕೊಡುತ್ತದೆ. ಜಾವಾದ ಪೂಲ್ ಲೈಬ್ರರಿ ಹಿಕಾರಿಯಲ್ಲಿ 10. ಇದನ್ನು 500 ಮಾಡಿ, ಆ ಕಡೆ ಪೋಸ್ಟ್‌ಗ್ರೆಸ್ ಮಿತಿಯನ್ನು 2000 ಮಾಡಿ, ಪಾಡ್‌ಗಳನ್ನು (ಅಪ್ಲಿಕೇಶನ್ನಿನ ಓಡುವ ಪ್ರತಿಗಳನ್ನು) ಹತ್ತು ಪಟ್ಟು ಮಾಡಿ, ಕೊನೆಗೆ ಡೇಟಾಬೇಸ್ ಮೆಷಿನ್ನೇ ಮಲಗುತ್ತದೆ. ಎಂಟು ಕೋರಿನ ಮೆಷಿನ್ನು ಒಂದು ಕ್ಷಣದಲ್ಲಿ ಎಂಟು ಕೆಲಸವನ್ನೇ ಓಡಿಸಬಲ್ಲದು, ಡಿಸ್ಕ್ ಕಾಯುವುದನ್ನು ಸೇರಿಸಿಕೊಂಡರೆ ಇನ್ನೊಂದಿಷ್ಟು. ಕೋರಿನ ಎರಡರಷ್ಟು ಕನೆಕ್ಷನ್, ಅದಕ್ಕೆ ಡಿಸ್ಕ್‌ಗಳ ಲೆಕ್ಕ ಕೂಡಿಸಿ ಅಲ್ಲಿಂದ ಶುರು ಮಾಡಿ ಅಂತ ಪೋಸ್ಟ್‌ಗ್ರೆಸ್ ಸಮುದಾಯ ಬಹಳ ವರ್ಷದಿಂದ ಹೇಳುತ್ತಿದೆ. ಅಪ್ಲಿಕೇಶನ್‌ಗಳು ಜಾಸ್ತಿ ಇದ್ದರೆ ನಡುವೆ ಪಿಜಿಬೌನ್ಸರ್ (ಕನೆಕ್ಷನ್ ಹಂಚಿಕೊಡುವ ಮಧ್ಯವರ್ತಿ ಪ್ರೋಗ್ರಾಂ) ಇಡಬಹುದು. ಆದರೆ ಅದನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ನನ್ನು ಬೇರೆಯವರಿಗೆ ಕೊಡುವ ಕ್ರಮ) ಇಟ್ಟರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಕ್ವೆರಿ, ಬಳಸುವ ಡ್ರೈವರ್‌ಗಳು (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿಗಳು) ತಕರಾರು ಮಾಡುತ್ತಿದ್ದವು. 2023ರ 1.21 ಆವೃತ್ತಿಯಲ್ಲಿ ಅದಕ್ಕೂ ದಾರಿ ಮಾಡಿಕೊಟ್ಟಿದ್ದಾರೆ.

ಲೇಖನದಲ್ಲಿ ಕೊಟ್ಟ ಪೈಥಾನ್ ಉದಾಹರಣೆ ಬಗ್ಗೆಯೂ ಹೇಳಲೇಬೇಕು. ಅಲ್ಲಿ ಅಸಿಂಕ್ ಡೆಫ್ ಅಂತ ಫಂಕ್ಷನ್ ಬರೆದು ಒಳಗೆ ಸೈಕೋಪಿಜಿ2 ಅನ್ನುವ ಪೋಸ್ಟ್‌ಗ್ರೆಸ್ ಡ್ರೈವರ್ ಬಳಸಿ ಎಕ್ಸಿಕ್ಯೂಟ್ ಕರೆದಿದ್ದಾರೆ. ಆ ರೀತಿ ಬಳಸಿದಾಗ ಸೈಕೋಪಿಜಿ2 ಬ್ಲಾಕ್ ಆಗುವ ಡ್ರೈವರ್, ಅಂದರೆ ಉತ್ತರ ಬರುವ ತನಕ ಕರೆದ ಥ್ರೆಡ್ಡನ್ನು ತಡೆದಿಡುತ್ತದೆ. ಮೇಲೆ ಅಸಿಂಕ್ ಅಂತ ಬರೆದ ಮಾತ್ರಕ್ಕೆ ಒಳಗಿನ ಡ್ರೈವರ್ ಬದಲಾಗುವುದಿಲ್ಲ. ಆ ಒಂದು ಸಾಲು ನಡೆಯುವಷ್ಟು ಹೊತ್ತೂ ಇಡೀ ಇವೆಂಟ್ ಲೂಪ್ ನಿಂತುಬಿಡುತ್ತದೆ, ಆ ಪ್ರೊಸೆಸ್‌ನಲ್ಲಿರುವ ಎಲ್ಲಾ ಬಳಕೆದಾರರೂ ಒಟ್ಟಿಗೆ ನಿಲ್ಲುತ್ತಾರೆ, ಹೆಲ್ತ್ ಚೆಕ್‌ಗೂ (ಸರ್ವರ್ ಬದುಕಿದೆಯಾ ಅಂತ ಕೇಳುವ ಕೋರಿಕೆ) ಉತ್ತರ ಹೋಗುವುದಿಲ್ಲ. ಸಾದಾ ಥ್ರೆಡ್ ಕೋಡಿಗಿಂತ ಇದು ಕೆಟ್ಟದ್ದು. ಪೋಸ್ಟ್‌ಗ್ರೆಸ್‌ಗೆ ಅಸಿಂಕ್ ಡ್ರೈವರ್ ಬೇಕಿದ್ದರೆ ಅಸಿಂಕ್‌ಪಿಜಿ ಇದೆ, 2021ರಿಂದ ಸೈಕೋಪಿಜಿ 3 ಇದೆ. ಹಳೆಯ ಡ್ರೈವರೇ ಇಟ್ಟುಕೊಳ್ಳಬೇಕಾದ ಪರಿಸ್ಥಿತಿ ಇದ್ದರೆ ಆ ಕರೆಯನ್ನು ಟು_ಥ್ರೆಡ್ ಮೂಲಕ ಬೇರೆ ಥ್ರೆಡ್‌ಗೆ ಕಳಿಸಿ, ಪೈಥಾನ್ 3.9ರಿಂದ ಆ ಸೌಲಭ್ಯ ಇದೆ. ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್‌ಗಂತೂ ನೆಟ್‌ವರ್ಕೇ ಇಲ್ಲ, ಅದು ಫೈಲನ್ನು ನೇರ ಓದುವ ಲೈಬ್ರರಿ. ಅದಕ್ಕೆ ಇರುವ ಅಸಿಂಕ್ ಲೈಬ್ರರಿ ಎಐಒಎಸ್‌ಕ್ಯೂಲೈಟ್ ಕೂಡ ಹಿಂದೆ ಒಂದು ಥ್ರೆಡ್ ಇಟ್ಟುಕೊಂಡೇ ಕೆಲಸ ಮಾಡುತ್ತದೆ.

ಜಾವಾದವರ ಕಥೆಯನ್ನು ಲೇಖನ ಮುಟ್ಟಿಯೇ ಇಲ್ಲ. ನಮ್ಮ ಊರಿನ ಕಂಪನಿಗಳಲ್ಲಿ ಜಾವಾ ಎಷ್ಟಿದೆ ಅಂತ ನಿಮಗೇ ಗೊತ್ತು. ಜಾವಾದಿಂದ ಡೇಟಾಬೇಸ್ ಜೊತೆ ಮಾತಾಡಲು 1997ರಲ್ಲಿ ಬಂದ ಜೆಡಿಬಿಸಿ ಪೂರ್ತಿ ಬ್ಲಾಕ್ ಆಗುವ ವಿನ್ಯಾಸ. ಅದಕ್ಕೆ ಅಸಿಂಕ್ ಜೊತೆಗಾರನಾಗಿ ಎಡಿಬಿಎ ಅಂತ ಒಂದು ಪ್ರಯತ್ನ ಒರಾಕಲ್‌ನಲ್ಲಿ ನಡೆದಿತ್ತು, 2019ರಲ್ಲಿ ಕೈಬಿಟ್ಟರು. ಅದೇ ಕೆಲಸವನ್ನು ಅಸಿಂಕ್ ಆಗಿ ಮಾಡುವ ಆರ್2ಡಿಬಿಸಿ 2022ರಲ್ಲಿ 1.0 ಆವೃತ್ತಿ ಮುಟ್ಟಿತು, ಕೆಲಸ ಮಾಡುತ್ತದೆ, ಆದರೆ ಕೋಡಿನ ಶೈಲಿಯನ್ನೇ ಪೂರ್ತಿ ಬದಲಿಸಿಕೊಳ್ಳಬೇಕು. 2023ರ ಸೆಪ್ಟೆಂಬರಿನಲ್ಲಿ ಜಾವಾ 21 ಬಂದು ವರ್ಚುವಲ್ ಥ್ರೆಡ್ (ಬಹಳ ಹಗುರವಾದ ಥ್ರೆಡ್) ಕೊಟ್ಟ ಮೇಲೆ, ಹಳೆಯ ಜೆಡಿಬಿಸಿ ಕೋಡನ್ನೇ ಇಟ್ಟುಕೊಂಡು ಕಾಯುವ ಖರ್ಚು ಕಡಿಮೆ ಮಾಡಬಹುದು. ಮೊದಮೊದಲು ಸಿಂಕ್ರನೈಸ್ಡ್ ಬ್ಲಾಕ್ (ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಬಿಡುವ ಕೋಡಿನ ಭಾಗ) ಒಳಗೆ ಕಾದರೆ ಕೆಳಗಿನ ನಿಜವಾದ ಥ್ರೆಡ್ ಕೂಡ ಸಿಕ್ಕಿಕೊಳ್ಳುತ್ತಿತ್ತು, 2025ರ ಜಾವಾ 24ರಲ್ಲಿ ಅದನ್ನೂ ಸರಿ ಮಾಡಿದ್ದಾರೆ. ಹೊಸದಾಗಿ ಶುರು ಮಾಡುವವರಿಗೆ ಇದೇ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ. ಆದರೆ ಇಲ್ಲೂ ಪೂಲಿನ ಲೆಕ್ಕ ಹಾಗೇ ಉಳಿಯುತ್ತದೆ. ಒಂದು ಲಕ್ಷ ವರ್ಚುವಲ್ ಥ್ರೆಡ್ ಹುಟ್ಟಿಸಿದರೂ ಕನೆಕ್ಷನ್ ಹತ್ತೇ ಇದ್ದರೆ ಉಳಿದವರೆಲ್ಲ ಹಿಂದೆ ನಿಲ್ಲಬೇಕು.

ಇನ್ನೊಂದು ಸಾಲು ಲೇಖನದಲ್ಲಿತ್ತು, ಎಲ್ಲಾ ಕ್ವೆರಿಗಳನ್ನೂ ಗ್ಯಾದರ್‌ಗೆ (ಹಲವು ಕೆಲಸ ಒಟ್ಟಿಗೆ ನಡೆಸುವ ಪೈಥಾನ್ ಫಂಕ್ಷನ್) ಹಾಕಿ ಒಟ್ಟಿಗೆ ಓಡಿಸಿ ಅಂತ. ಒಂದೇ ಕನೆಕ್ಷನ್ ಮೇಲೆ ಹಾಗೆ ಮಾಡಿದರೆ ಅಸಿಂಕ್‌ಪಿಜಿ ಎರರ್ ಎಸೆಯುತ್ತದೆ, ಬೇರೆ ಕೆಲಸ ನಡೆಯುತ್ತಿದೆ ಅಂತ. ಎಸ್‌ಕ್ಯೂಎಲ್ ಆಲ್ಕೆಮಿಯ ಅಸಿಂಕ್ ಸೆಷನ್ ಕೂಡ ಅಷ್ಟೇ, ಒಂದು ಸೆಷನ್ನನ್ನು ಒಂದು ಟಾಸ್ಕಿಗಷ್ಟೇ ಕೊಡಬೇಕು. ಬೇರೆ ಬೇರೆ ಕನೆಕ್ಷನ್ ತಗೊಂಡು ಮಾಡಿದರೆ ಓಡುತ್ತದೆ, ಆದರೆ ಅವೆಲ್ಲಾ ಬೇರೆ ಬೇರೆ ಟ್ರಾನ್ಸಾಕ್ಷನ್ ಆಗಿಬಿಡುತ್ತವೆ, ಒಂದು ರೋಲ್‌ಬ್ಯಾಕ್ ಆದರೆ (ಮಾಡಿದ್ದೆಲ್ಲ ರದ್ದಾದರೆ) ಇನ್ನೊಂದು ಆಗುವುದಿಲ್ಲ. ದುಡ್ಡಿನ ವ್ಯವಹಾರದಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ ಅಂತ ಯೋಚಿಸಿ. ಅದಕ್ಕಿಂತ ಮೊದಲು, ಅಷ್ಟೊಂದು ಕ್ವೆರಿ ಯಾಕೆ ಬೇಕಾಯಿತು ಅಂತ ಕೇಳಿಕೊಳ್ಳಬೇಕು. ಮುನ್ನೂರು ಆರ್ಡರ್‌ಗಳ ಪಟ್ಟಿ ತಂದು, ಒಂದೊಂದು ಆರ್ಡರಿಗೂ ಗ್ರಾಹಕರ ಹೆಸರು ತರಲು ಮತ್ತೆ ಮತ್ತೆ ಹೋಗುವ ಕೋಡನ್ನು ಅಸಿಂಕ್ ಮಾಡಿದರೆ ಡೇಟಾಬೇಸ್ ಮೇಲೆ ಮುನ್ನೂರು ಹೊಡೆತ ಒಟ್ಟಿಗೆ ಬೀಳುತ್ತದೆ. ಒಂದು ಜಾಯಿನ್ (ಎರಡು ಟೇಬಲ್ ಜೋಡಿಸಿ ಓದುವ ಕ್ವೆರಿ) ಬರೆದರೆ ಮುಗಿಯುವ ಕೆಲಸ ಅದು. ನಿಧಾನವಾದ ಕ್ವೆರಿಗೆ ಎಕ್ಸ್‌ಪ್ಲೇನ್ ಅನಲೈಸ್ (ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಆದೇಶ) ಹಾಕಿ ನೋಡಿ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದೆ ಇಡೀ ಟೇಬಲ್ ಓದುತ್ತಿದ್ದರೆ ಅದನ್ನು ಮೊದಲು ಸರಿ ಮಾಡಿ.

ರದ್ದು ಮಾಡುವುದರ ಬಗ್ಗೆ ಯಾರೂ ಬರೆಯುವುದೇ ಇಲ್ಲ, ಅದು ನನಗೆ ಬಹಳ ಬೇಜಾರು. ಬಳಕೆದಾರರು ಕಾದು ಕಾದು ಟ್ಯಾಬ್ ಮುಚ್ಚುತ್ತಾರೆ, ನಮ್ಮ ಕಡೆ ಟಾಸ್ಕ್ ರದ್ದಾಗುತ್ತದೆ. ಆದರೆ ಡೇಟಾಬೇಸ್‌ನಲ್ಲಿ ಶುರುವಾದ ಕ್ವೆರಿ ತಾನಾಗೇ ನಿಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನಡೆಯುತ್ತಿರುವ ಕ್ವೆರಿ ನಿಲ್ಲಿಸಬೇಕಾದರೆ ಬೇರೊಂದು ಕನೆಕ್ಷನ್ ತೆರೆದು ಕ್ಯಾನ್ಸಲ್ ಕೋರಿಕೆ ಕಳಿಸಬೇಕು. ಕೆಲವು ಡ್ರೈವರ್‌ಗಳು ಅದನ್ನು ನಮ್ಮ ಪರವಾಗಿ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಹಾಗಾಗಿ ಸರ್ವರ್ ಕಡೆಯೇ ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿಗೆ ಸಮಯದ ಮಿತಿ) ಹಾಕಿಡುವುದು ಕ್ಷೇಮ. ಇಲ್ಲದಿದ್ದರೆ ಜನ ರಿಫ್ರೆಶ್ ಒತ್ತಿದ ಹಾಗೆಲ್ಲ ಹಳೆಯ ಕ್ವೆರಿಯೂ ಓಡುತ್ತಿರುತ್ತದೆ, ಹೊಸದೂ ಸೇರಿಕೊಳ್ಳುತ್ತದೆ.

ಇಷ್ಟೆಲ್ಲಾ ಓದಿ ನಾನು ಅಸಿಂಕ್ ವಿರೋಧಿ ಅಂತ ತಿಳಿಯಬೇಡಿ. ದಿನವೂ ಬಳಸುತ್ತೇನೆ, ಇಷ್ಟಪಟ್ಟೇ ಬಳಸುತ್ತೇನೆ. ಸಾವಿರಾರು ಜನ ಕನೆಕ್ಟ್ ಆಗಿ ಸುಮ್ನೆ ಕಾಯುವ ಚಾಟ್, ಬಸ್ ಎಲ್ಲಿದೆ ಅಂತ ಕ್ಷಣಕ್ಷಣಕ್ಕೂ ತೋರಿಸುವ ಆ್ಯಪ್, ಹತ್ತು ಹೊರಗಿನ ಎಪಿಐ ಕರೆದು ಉತ್ತರ ಜೋಡಿಸುವ ಸೇವೆ, ಇಂಥವುಗಳಿಗೆ ಅದು ಬೇಕೇ ಬೇಕು. ಪೋಸ್ಟ್‌ಗ್ರೆಸ್‌ನ ಲಿಸನ್-ನೋಟಿಫೈ (ಹೊಸ ಸುದ್ದಿ ಬಂದಾಗ ಕಾಯುವವರಿಗೆ ತಿಳಿಸುವ ಸೌಲಭ್ಯ) ಜೊತೆಗೆ ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಒಂದು ಆಫೀಸಿನ ಐವತ್ತು ಜನ ಬಳಸುವ ಅಪ್ಲಿಕೇಶನ್‌ಗೆ, ಫಾರ್ಮ್ ತುಂಬಿಸಿ ಸೇವ್ ಮಾಡುವುದಷ್ಟೇ ಕೆಲಸವಾದರೆ, ಥ್ರೆಡ್ ಸಾಕು. ಎಸ್‌ಕ್ಯೂಎಲ್ ಆಲ್ಕೆಮಿ ಕಟ್ಟಿದ ಮೈಕ್ ಬೇಯರ್ ಅವರೇ 2015ರಲ್ಲಿ ಮಾಮೂಲಿ ಡೇಟಾಬೇಸ್ ಕೆಲಸಕ್ಕೆ ಅಸಿಂಕ್‌ನಿಂದ ವೇಗ ಸಿಗುವುದಿಲ್ಲ ಎಂದು ವಿವರವಾಗಿ ಬರೆದಿದ್ದರು. ಅದೇ ಲೈಬ್ರರಿ 2021ರಲ್ಲಿ 1.4 ಆವೃತ್ತಿಯಿಂದ ಅಸಿಂಕ್ ಬೆಂಬಲವನ್ನೂ ಕೊಟ್ಟಿತು, ಏಕೆಂದರೆ ಬೇಕಾದವರಿಗೆ ಅದು ನಿಜವಾಗಿ ಬೇಕಿತ್ತು. ಎರಡೂ ಸರಿ.

ಇದನ್ನು ಪತ್ರಿಕೆಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬಿಟಿಎಂ ಲೇಔಟ್, ಮಾರತ್ತಹಳ್ಳಿ ಕಡೆಯ ಪಿಜಿಗಳಲ್ಲಿ ಇದ್ದುಕೊಂಡು, ಕೋರ್ಸ್ ಮಾಡಿಕೊಂಡು ಕೆಲಸ ಹುಡುಕುವ ಹುಡುಗ ಹುಡುಗಿಯರಲ್ಲಿ ರಾಯಚೂರು, ಹಾಸನ, ಚಿತ್ರದುರ್ಗದಿಂದ ಬಂದವರು ಬಹಳ ಜನ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಬುದ್ಧಿವಂತರು, ಇಂಗ್ಲಿಷ್ ಪುಸ್ತಕದ ಮುಂದೆ ಮಾತ್ರ ಒದ್ದಾಡುತ್ತಾರೆ. ಕನ್ನಡದಲ್ಲಿ ಒಂದು ತಾಂತ್ರಿಕ ಲೇಖನ ಸಿಕ್ಕರೆ ಫೋಟೋ ತೆಗೆದು ಒಬ್ಬರಿಂದೊಬ್ಬರಿಗೆ ಕಳಿಸಿಕೊಳ್ಳುತ್ತಾರೆ, ನಿಮ್ಮ ಲೇಖನ ನನಗೆ ಸಿಕ್ಕಿದ್ದೂ ಹಾಗೆಯೇ. ಇಂಟರ್ವ್ಯೂನಲ್ಲಿ ಅಸಿಂಕ್ ಯಾಕೆ ಬಳಸುತ್ತೀರಿ ಅಂತ ಕೇಳಿದಾಗ ಡೇಟಾಬೇಸ್ ವೇಗವಾಗಲು ಅಂತ ಅವರು ಹೇಳಿದರೆ ಅಲ್ಲಿಗೇ ಕಥೆ ಮುಗಿಯುತ್ತದೆ. ಅವರಿಗೆ ಇಂಗ್ಲಿಷಿನಲ್ಲಿ ಸಿಗುವಷ್ಟೇ ಖಚಿತವಾದ ಮಾಹಿತಿ ಕನ್ನಡದಲ್ಲೂ ಸಿಗಬೇಕು.

ಅದಕ್ಕೆ ಒಂದು ಕೋರಿಕೆ. ಮುಂದಿನ ವಾರ ಆ ಪುಟದಲ್ಲಿ ಈ ಚಿಕ್ಕ ಪ್ರಯೋಗ ಹಾಕಿ. ಸಾದಾ ಲ್ಯಾಪ್‌ಟಾಪ್ ಸಾಕು, ಪೋಸ್ಟ್‌ಗ್ರೆಸ್ ಮತ್ತು ಪೈಥಾನ್ ಎರಡೂ ಉಚಿತ. ಸೆಲೆಕ್ಟ್ ಪಿಜಿ_ಸ್ಲೀಪ್(1) ಅನ್ನುವ ಕ್ವೆರಿ ಒಂದು ಸೆಕೆಂಡ್ ಸುಮ್ನೆ ಕಾದು ವಾಪಸ್ ಬರುತ್ತದೆ. ಅದನ್ನು ಹತ್ತು ಸಲ ಒಂದರ ಹಿಂದೆ ಒಂದು ಓಡಿಸಿದರೆ 10 ಸೆಕೆಂಡ್. ಅಸಿಂಕ್‌ಪಿಜಿಯಲ್ಲಿ 10 ಕನೆಕ್ಷನ್ ಪೂಲ್ ಇಟ್ಟು ಒಟ್ಟಿಗೆ ಕಳಿಸಿದರೆ 1 ಸೆಕೆಂಡಿಗಿಂತ ಚೂರು ಜಾಸ್ತಿ. ಅದೇ ಕೋಡು, ಪೂಲ್ ಮಾತ್ರ 2 ಮಾಡಿದರೆ ಸುಮಾರು 5 ಸೆಕೆಂಡ್ (ಗರಿಷ್ಠ ಮಿತಿ ಇಳಿಸುವಾಗ ಕನಿಷ್ಠ ಮಿತಿಯನ್ನೂ ಇಳಿಸಿ, ಇಲ್ಲದಿದ್ದರೆ ಎರರ್ ಬರುತ್ತದೆ). ಲೇಖನದಲ್ಲಿದ್ದ ಹಾಗೆ ಅಸಿಂಕ್ ಡೆಫ್ ಒಳಗೆ ಸೈಕೋಪಿಜಿ2 ಇಟ್ಟರೆ ಮತ್ತೆ 10. ಕೊನೆಯದಾಗಿ ಪಿಜಿ_ಸ್ಲೀಪ್ ತೆಗೆದು, ಜನರೇಟ್_ಸೀರೀಸ್‌ನಿಂದ 50 ಲಕ್ಷ ಸಾಲು ಹುಟ್ಟಿಸಿ ಎಣಿಸುವ ಕ್ವೆರಿ ಹಾಕಿ. ಮೊದಲು ಒಂದೇ ಕ್ವೆರಿ ಓಡಿಸಿ ಸಮಯ ಬರೆದುಕೊಳ್ಳಲಿ, ಆಮೇಲೆ ಹತ್ತನ್ನೂ ಒಟ್ಟಿಗೆ ಓಡಿಸಿ ಒಂದೊಂದಕ್ಕೂ ಎಷ್ಟು ಹಿಡಿಯಿತು ನೋಡಲಿ. ನಾಲ್ಕು ಕೋರಿನ ಲ್ಯಾಪ್‌ಟಾಪಿನಲ್ಲಿ ಒಂದೊಂದೂ ಮೊದಲಿಗಿಂತ ನಿಧಾನವಾಗಿರುತ್ತದೆ. ಐದೂ ಪ್ರಯೋಗದ ಕೋಡು ನನ್ನ ಹತ್ತಿರ ಕನ್ನಡದ ಟಿಪ್ಪಣಿ ಸಮೇತ ಇದೆ. ನೀವು ಹಾಕುತ್ತೀರಿ ಅಂದರೆ ಇವತ್ತೇ ಕಳಿಸುತ್ತೇನೆ.

ಇತಿ,
ನಿಮ್ಮ ಓದುಗ,
ಬನಶಂಕರಿ, ಬೆಂಗಳೂರು